ಹುಳದ ಮನೆಯಲ್ಲಿ ಮೀನಿನ ಕೋಶಗಳ ನಡಿಗೆ

“ಮೀನ ಉಳದ ಮನೇಲಿ ಇಟ್ಕೊ ಕೂಸೆ. ಮುಟ್ಟುದ್ ಮ್ಯಾಲ ತಲಗ ನೀರಾಕ್ಕೊಂಡೇ ಒಳಕ್ ಬರ್ಬೇಕು. ಇದ್ಕ ಒಪ್ಪುದ್ರ ಸರಿ, ಇಲ್ದಿದ್ರ ನೀನೂ ಮೀನ್ ಸಂಗ್ತೇಲೇ ಅಲ್ಲೇ ಇರು.”

ಇದು ನನ್ನ ಸೋದರತ್ತೆ ಹಾಕಿದ ಷರತ್ತು. ಬೆಳಿಗ್ಗೆ ಲಿಂಗಪೂಜೆ ಮುಗಿಯದೆ ಕಾಫಿಯನ್ನೂ ಮುಟ್ಟದ ಮನೆ ಅವರದು. ದೊಡ್ಡಗಾಜನೂರಿನ ಅಂಥ ಮನೆಗೆ ಬಕೆಟ್ ತುಂಬ ಜಿಲೇಬಿ ಮೀನು ಹೊತ್ತು ತಂದವಳನ್ನು ಅವರು ಹಾಗೇ ಬಸ್ಸು ಹತ್ತಿಸಿ ಕಳಿಸಲಿಲ್ಲ ಎನ್ನುವುದೇ ದೊಡ್ಡದು. ಹುಳದ ಮನೆ ಎಂದರೆ ಹಿತ್ತಿಲಿನಾಚೆ ಇದ್ದ, ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದ ಶೆಡ್ಡು. ಸೊಪ್ಪು ಕೊಯ್ಯಲು ಆಳು ಸಿಗದೆ ಅತ್ತೆ ಹುಳು ಬಿಟ್ಟು ಮುಸುಕಿನ ಜೋಳಕ್ಕೆ ತಿರುಗಿದ್ದರು. ಶೀಟಿನ ಚಾವಣಿ, ಬಲೆ ಹೊಡೆದ ಕಿಟಕಿಗಳು, ಉದ್ದನೆಯ ಒಂದು ಮೇಜು, ಗೋಡೆಯಲ್ಲೊಂದು ಥರ್ಮಾಮೀಟರು. ಕರೆಂಟು ಇತ್ತು. ಅಷ್ಟಿದ್ದರೆ ನನ್ನ ಕೆಲಸ ನಡೆಯುತ್ತಿತ್ತು.

ಆಗ ನಗರದ ಲ್ಯಾಬಿನಲ್ಲಿ ನನ್ನ ಫೆಲೋಶಿಪ್ಪು ಮುಗಿದಿತ್ತು. ತಾಳವಾಡಿಯ ಕಾಲೇಜೊಂದಕ್ಕೆ ಅತಿಥಿ ಉಪನ್ಯಾಸಕಿಯಾಗಿ ಸೇರಿ ಅತ್ತೆಯ ಮನೆಯಲ್ಲಿ ಉಳಿದುಕೊಂಡಿದ್ದೆ. ಲ್ಯಾಬಿನಿಂದ ನಾವು ಕಳಿಸಿದ್ದ ಪೇಪರು ಪರಿಶೀಲಕರ ಒಂದು ಪ್ರಶ್ನೆಯೊಂದಿಗೆ ವಾಪಸು ಬಂತು. ಬಾಟಲಿಯಲ್ಲಿ ವರ್ಷಗಟ್ಟಲೆ ಬೆಳೆಸಿದ ಕೋಶಗಳಲ್ಲಿ ನೀವು ಹೇಳಿದ್ದು ಸರಿ, ಪ್ರಾಣಿಯ ಮೈಯಿಂದ ಆಗಷ್ಟೇ ಹೊರಬಂದ ಕೋಶಗಳಲ್ಲೂ ಹಾಗೇ ಆಗುತ್ತದೆಯೇ ಎಂದು ಕೇಳಿದ್ದರು. ನನ್ನ ಸಂಶೋಧನೆಯ ಗೈಡ್ ಫೋನು ಮಾಡಿದರು.

“ಇಲ್ಲಿ ಕೈ ಖಾಲಿ ಇರೋರು ಯಾರೂ ಇಲ್ಲಮ್ಮ. ಮೀನಿನ ಕೋಶಕ್ಕೆ ಇನ್‌ಕ್ಯುಬೇಟರ್ ಬೇಡ. ಅಲ್ಲೇ ಮಾಡೋಕಾಗುತ್ತಾ ನೋಡು. ಪೇಪರ್ ಆಯ್ತು ಅಂದ್ರೆ ಹೊಸ ಪ್ರಾಜೆಕ್ಟಿನ ಪೋಸ್ಟು ನಿನಗೇ.”

ಆ ಪೋಸ್ಟು ನನಗೆ ಬೇಕಿತ್ತು. ಸಂಬಳಕ್ಕಿಂತ ಹೆಚ್ಚಾಗಿ, ಕೆಲಸದ ಮಾತಾಡಲು ಜನ ಸಿಗುತ್ತಾರೆಂದು. ತಾಳವಾಡಿಯ ಆ ಬೆಟ್ಟದ ಮೇಲೆ ವಿನ್‌ಕ್ಯುಲಿನ್ ಎಂಬ ಪ್ರೋಟೀನಿನ ಹೆಸರನ್ನು ಬಾಯಿಬಿಟ್ಟು ಹೇಳುತ್ತಿದ್ದವಳು ನಾನೊಬ್ಬಳೇ, ಅದೂ ಮೀನಿನ ಎದುರು. ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ನಿಮ್ಮ ಟಾಪಿಕ್ ಏನು ಎಂದು ಒಮ್ಮೆ ಆಸಕ್ತಿಯಿಂದಲೇ ಕೇಳಿದ್ದರು. “ಕೋಶ ಹೇಗೆ ನಡೆಯುತ್ತೆ ಅಂತ” ಎನ್ನುವಷ್ಟರಲ್ಲಿ ಬೆಲ್ಲಾಯಿತು. ಅವರು ಮತ್ತೆ ಕೇಳಲಿಲ್ಲ. ಕತ್ತಲಾಗುವ ಮೊದಲೇ ಆನೆಯ ಹೆದರಿಕೆಗೆ ಊರೆಲ್ಲ ಬಾಗಿಲು ಹಾಕಿಕೊಳ್ಳುತ್ತಿತ್ತು. ಅತ್ತೆಗೆ ಅವರ ಸೀರಿಯಲ್ಲು, ನನಗೆ ನನ್ನ ಗೋಡೆ.

ಕೋಶದ ನಡಿಗೆಯನ್ನು ಅತ್ತೆಗೆ ಒಮ್ಮೆ ವಿವರಿಸಿದ್ದೆ, ಮೀನು ಯಾಕೆ ಎಂದು ಅವರು ಹಟ ಹಿಡಿದಾಗ. ಕೋಶದೊಳಗೆ ಆಕ್ಟಿನ್ ಎಂಬ ಎಳೆಗಳಿವೆ. ಎಳೆಯುವ ಶಕ್ತಿ ಇರುವುದು ಅವುಗಳಲ್ಲಿ. ಕೋಶದ ತಳದಲ್ಲಿ ನೆಲವನ್ನು ಕಚ್ಚಿ ಹಿಡಿಯುವ ಪ್ರೋಟೀನುಗಳು ಬೇರೆ ಇವೆ. ಎಳೆಯುವುದು ಒಂದು, ಕಚ್ಚುವುದು ಒಂದು. ಇವೆರಡನ್ನೂ ಬಿಗಿದು ಕಟ್ಟುವ ಜೋಡಕ ಪ್ರೋಟೀನುಗಳು ನಡುವೆ ಇರದಿದ್ದರೆ ಎಳೆತವೆಲ್ಲ ಗಾಳಿಗೆ ಹೋಗುತ್ತದೆ. ವಿನ್‌ಕ್ಯುಲಿನ್ ಅಂಥದೊಂದು.

“ನೊಗಕ್ಕೂ ನೇಗ್ಲಿಗೂ ಮಿಣಿ ಕಟ್ಟಲ್ವಾ ಅತ್ತೆ, ಅಂಗೆ,” ಎಂದೆ.

“ಮಿಣಿ ಕಿತ್ತೋದ್ರ ಎತ್ತು ಮುಂದ್ಕೋಗ್ಬುಡ್ತದ, ನೇಗ್ಲು ಅಲ್ಲೇ ನಿಂತ್ಕತ್ತದ,” ಎಂದರು ಅತ್ತೆ. “ಅದ್ ನೋಡಕ್ಕ ಮೀನ್ಯಾಕ? ನಮ್ ಒಲ್ದಾಗೇ ನೋಡ್ಬೋದಿತ್ತಲ್ಲ.”

ನಮ್ಮ ಪೇಪರಿನ ವಾದ ಇಷ್ಟೇ: ಈ ಮಿಣಿಯನ್ನು ತಡೆದರೆ ಕೋಶದ ವೇಗ ಕುಗ್ಗುತ್ತದೆ. ತಡೆಯಲು ಲ್ಯಾಬಿನಲ್ಲಿ ಪೆಪ್ಟೈಡ್ ಎಂಬ ಸಣ್ಣದೊಂದು ಪ್ರೋಟೀನ್ ತುಣುಕನ್ನು ತಯಾರಿಸಿದ್ದೆವು. ಅದು ಕೋಶದೊಳಗೆ ನುಸುಳಿ ವಿನ್‌ಕ್ಯುಲಿನ್ನಿನ ಹಿಡಿತವನ್ನು ಬಿಡಿಸುತ್ತದೆ. ಬೆರಳುಗುರಿನಷ್ಟು ದ್ರವ ಹಿಡಿಯುವ ಚಿಕ್ಕ ಟ್ಯೂಬುಗಳಲ್ಲಿ ಹಾಕಿ ಗೈಡ್ ಕೊರಿಯರ್ ಮಾಡಿದ್ದರು.

ಕೆಲಸದ ರೀತಿ ಸರಳ. ಮೀನನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹಿಡಿದು, ಚಿಮಟದಿಂದ ಅದರ ಮೈಮೇಲಿನ ಒಂದು ಹುರುಪೆ ಕಿತ್ತು, ಮೀನನ್ನು ಮತ್ತೆ ನೀರಿಗೆ ಬಿಡುವುದು. ಕಿತ್ತ ಕಡೆ ಹೊಸ ಹುರುಪೆ ಬರುತ್ತದೆ. ಹುರುಪೆಯನ್ನು ತೆಳುಗಾಜಿನ ಮೇಲೆ ಮಲಗಿಸಿ, ಮೇಲೊಂದು ಗಾಜಿನ ಚೂರು ಹೇರಿ, ಪೋಷಕ ದ್ರಾವಣ ಹಾಕಿ ಬಿಟ್ಟರೆ ಕೆಲವು ಗಂಟೆಗಳಲ್ಲಿ ಅದರಂಚಿನಿಂದ ಚರ್ಮದ ಕೋಶಗಳು ಹೊರಗೆ ಹರಿಯತೊಡಗುತ್ತವೆ. ಮೊದಲು ಒಂದಕ್ಕೊಂದು ಅಂಟಿಕೊಂಡು ಹಾಳೆಯಂತೆ, ಆಮೇಲೆ ಕೆಲವು ಬಿಡಿಬಿಡಿಯಾಗಿ. ಬೇರೆ ಕೋಶಗಳ ನಡಿಗೆ ಕಾಣಲು ದಿನವಿಡೀ ಕಾಯಬೇಕು. ಇವು ಅರ್ಧಚಂದ್ರದ ಆಕಾರದಲ್ಲಿ, ಕಣ್ಣೆದುರೇ, ಸಂತೆಗೆ ಹೊತ್ತಾದವರ ಹಾಗೆ ಹೋಗುತ್ತವೆ. ಕಾಲೇಜಿನಿಂದ ಕೇಳಿ ತಂದಿದ್ದ ಹಳೆಯ ಮೈಕ್ರೋಸ್ಕೋಪಿನ ಕಣ್ಣುಗಂಡಿಗೆ ಮೊಬೈಲು ಬಿಗಿದು ವಿಡಿಯೋ ಚಿತ್ರ ತೆಗೆಯುತ್ತಿದ್ದೆ.

ಶುರುವಿನಲ್ಲಿ ಒಂದು ಕೋಶವೂ ಹೊರಬರಲಿಲ್ಲ. ಮೀನುಗಳೂ ಒಂದೊಂದಾಗಿ ಮಗುಚಿಕೊಂಡವು. ದ್ರಾವಣ ಬದಲಿಸಿದೆ, ಗಾಜು ಬದಲಿಸಿದೆ, ಲ್ಯಾಬಿಗೆ ಫೋನು ಮಾಡಿ ತಲೆ ತಿಂದೆ. ಕೊನೆಗೆ ನೋಡಿದರೆ ಮೀನು ಬಿಟ್ಟಿದ್ದ ತೊಟ್ಟಿ ಹುಳದ ತಟ್ಟೆಗಳನ್ನು ಬ್ಲೀಚಿಂಗ್ ಪೌಡರಿನಲ್ಲಿ ಅದ್ದುತ್ತಿದ್ದ ತೊಟ್ಟಿ. ಸಿಮೆಂಟಿಗೆ ವಾಸನೆ ಹಿಡಿದುಹೋಗಿತ್ತು. ಪ್ಲಾಸ್ಟಿಕ್ ಡ್ರಮ್ಮು ತಂದ ಮೇಲೆ ಮೀನೂ ಬದುಕಿತು, ಕೋಶವೂ ಹೊರಟಿತು. ಮೊದಲ ಕೋಶ ಗಾಜಿನ ಮೇಲೆ ಜಾರಿಕೊಂಡು ಹೋದ ದಿನ ನಾನು ಒಬ್ಬಳೇ ಚಪ್ಪಾಳೆ ತಟ್ಟಿದೆ. ಅಂಗಳದಲ್ಲಿದ್ದ ಅತ್ತೆ “ಏನವ್ವ, ಮಂಗ ಬಂತಾ?” ಎಂದು ಕೂಗಿದರು.

ಇನ್ನು ಪೆಪ್ಟೈಡಿನ ಸಂಗತಿ. ಅದನ್ನು ಮಂಜುಗಡ್ಡೆಯಲ್ಲಿಡಬೇಕು. ಕಾಲೇಜಿನ ಫ್ರಿಜ್ಜು ನೀರು ತಣ್ಣಗೆ ಮಾಡುವಷ್ಟಕ್ಕೇ ಸುಸ್ತಾಗುತ್ತಿತ್ತು. ಅತ್ತೆಯ ಫ್ರಿಜ್ಜಿನಲ್ಲಿ ಒಳ್ಳೆಯ ಫ್ರೀಜರಿತ್ತು. ಕೇಳಿದೆ.

“ಮೀನಲ್ಲ ಅತ್ತೆ, ಔಷ್ದಿ.”

“ಯಾರ್ಗ ಔಷ್ದಿ?”

“ಮೀನಿನ ಕೋಶಕ್ಕೆ.”

“ಮೀನ್ಗ ಆಕದು ಮೀನ್ದೇಯ. ಆಲಿಡೋ ತಾವ ಅದ್ ಬ್ಯಾಡ.”

ತಾಳವಾಡಿಯ ಬಸ್‌ಸ್ಟ್ಯಾಂಡ್ ಬಳಿ ಐಸ್‌ಕ್ರೀಮ್ ಅಂಗಡಿ ಇಟ್ಟಿದ್ದವರನ್ನು ಕೇಳಿಕೊಂಡೆ. ಅವರು ಫ್ರೀಜರಿನ ಒಂದು ಮೂಲೆ ಬಿಟ್ಟುಕೊಟ್ಟರು. ಟ್ಯೂಬುಗಳನ್ನು ನೋಡಿ ಅದು ಸಕ್ಕರೆ ಕಾಯಿಲೆಯ ಇನ್ಸುಲಿನ್ ಎಂದು ಅವರೇ ತೀರ್ಮಾನಿಸಿಕೊಂಡರು. “ಈ ವಯ್ಸ್ಗೇ ಮರುಂದು ಮಾತ್ರೆ ಬಂದ್ಬುಡ್ತಾ ಮೇಡಂ? ಮನ್ಸ್ಗ ಅಚ್ಕಬ್ಯಾಡಿ,” ಎಂದರು. ಅಲ್ಲ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಒಮ್ಮೆ ಬಿಸಿಲಲ್ಲಿ ಬಂದು ಒಂದು ಕುಲ್ಫಿ ಕೇಳಿದ್ದಕ್ಕೆ ಕೊಡಲಿಲ್ಲ.

ಹೀಗೆ ನನ್ನ ದಿನಚರಿ ತಾನಾಗಿ ಒಂದು ಆಕಾರಕ್ಕೆ ಬಂತು. ಕಾಲೇಜು ಮುಗಿಸಿ ಬರುವಾಗ ಒಂದು ಟ್ಯೂಬನ್ನು ಐಸು ತುಂಬಿದ ಫ್ಲಾಸ್ಕಿನಲ್ಲಿ ತರುತ್ತಿದ್ದೆ. ಬೆಳಗಿನ ತನಕ ಐಸು ತಡೆಯುತ್ತಿತ್ತು, ಆಮೇಲೆ ಇಲ್ಲ. ಆದ್ದರಿಂದ ಸಂಜೆ ಕಿತ್ತಿಟ್ಟ ಹುರುಪೆಗೆ ಬೆಳಿಗ್ಗೆ ಎದ್ದೊಡನೆ ಪೆಪ್ಟೈಡ್ ಹಾಕಿ ಚಿತ್ರ ತೆಗೆಯುವುದು. ಮುಗಿಸಿ ಇನ್ನೊಂದು ಹುರುಪೆ ಕಿತ್ತಿಟ್ಟು, ತಲೆಗೆ ಸ್ನಾನ ಮಾಡಿ, ಒಳಗೆ ಹೋಗಿ ತಿಂಡಿ ತಿಂದು ಕಾಲೇಜಿಗೆ ಓಡುವುದು. ಮಧ್ಯಾಹ್ನ ಬಂದವಳೇ ಆ ಎರಡನೆಯ ಹುರುಪೆಗೆ ಪೆಪ್ಟೈಡ್ ಇಲ್ಲದ ಬರೀ ದ್ರಾವಣ ಹಾಕಿ ಹೋಲಿಕೆಗೆ ಚಿತ್ರ ತೆಗೆದು, ಸಂಜೆ ಮರುದಿನದ ಹುರುಪೆ ಕಿತ್ತಿಡುವುದು. ಮತ್ತೆ ತಲೆಗೆ ಸ್ನಾನ. ದಿನಕ್ಕೆರಡು ಸಲ ತಲೆ ತೋಯಿಸಿಕೊಂಡು ನನ್ನ ಮೂಗು ಸೋರುವುದು ನಿಲ್ಲಲೇ ಇಲ್ಲ.

ಫಲಿತಾಂಶ ಮಾತ್ರ ಕನ್ನಡಿಯಷ್ಟು ಸ್ಪಷ್ಟವಾಗಿತ್ತು. ಪೆಪ್ಟೈಡ್ ಹಾಕಿದ ಕೋಶಗಳು ತೆವಳುತ್ತಿದ್ದವು. ಹಾಕದವು ಓಡುತ್ತಿದ್ದವು. ಬಿಡಿಯಾಗಿ ಸಿಕ್ಕ ಕೋಶಗಳನ್ನು ಆರಿಸಿ, ಅವುಗಳ ಹಾದಿಯನ್ನು ಲ್ಯಾಪ್‌ಟಾಪಿನಲ್ಲಿ ಗುರುತಿಸಿ, ವೇಗದ ನಕ್ಷೆ ಮಾಡಿ ಗೈಡಿಗೆ ಕಳಿಸಿದೆ. ಅವರು ಆ ದಿನವೇ ಫೋನು ಮಾಡಿದರು.

“ಬ್ಯೂಟಿಫುಲ್! ಉಳಿದದ್ದನ್ನೂ ಮುಗಿಸಿ ಕಳಿಸು. ಪೋಸ್ಟಿಗೆ ನಿನ್ನ ಹೆಸರು ಹೇಳಿಬಿಟ್ಟಿದ್ದೀನಿ. ಬಟ್ಟೆಬರೆ ಕಟ್ಕೊ.”

ನಾನು ನಿಜವಾಗಿಯೂ ಬಟ್ಟೆ ಕಟ್ಟಲು ಶುರುಮಾಡಿದ್ದೆ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿದವಳು ನಾನು.

ಒಂದು ಶನಿವಾರ ಟ್ಯೂಬು ತರಲು ಹೋದರೆ ಐಸ್‌ಕ್ರೀಮ್ ಅಂಗಡಿಗೆ ಬೀಗ. ಅವರ ಮನೆಯಲ್ಲಿ ಸಾವಾಗಿದೆ, ಸತ್ಯಮಂಗಲಕ್ಕೆ ಹೋಗಿದ್ದಾರೆ ಎಂದು ಪಕ್ಕದವರು ಹೇಳಿದರು. ಖಾಲಿ ಫ್ಲಾಸ್ಕು ಹಿಡಿದು ಬಂದೆ. ಭಾನುವಾರ ಬೆಳಿಗ್ಗೆ ಹುರುಪೆ ಸಿದ್ಧವಾಗಿತ್ತು, ಹಾಕಲು ಪೆಪ್ಟೈಡ್ ಇರಲಿಲ್ಲ. ಬಿಸಾಡುವುದೇಕೆ, ಹೋಲಿಕೆಯ ಲೆಕ್ಕಕ್ಕಾದರೂ ಆಗಲಿ ಎಂದು ಬರೀ ದ್ರಾವಣ ಹಾಕಿ ಕೂತೆ.

ಕೋಶಗಳು ತೆವಳುತ್ತಿದ್ದವು.

ಹುರುಪೆ ಕೆಟ್ಟಿರಬೇಕೆಂದು ಸಂಜೆ ಜೊತೆಗೇ ಕಿತ್ತಿಟ್ಟಿದ್ದ ಇನ್ನೊಂದನ್ನು ನೋಡಿದೆ. ಅದೂ ಹಾಗೇ. ಪೆಪ್ಟೈಡಿನ ಹನಿಯನ್ನೂ ಕಾಣದ ಕೋಶಗಳು ಪೆಪ್ಟೈಡ್ ಕುಡಿದವುಗಳಂತೆಯೇ ನಿಧಾನವಾಗಿದ್ದವು. ಕೈ ಉಜ್ಜಿಕೊಂಡೆ, ಚಳಿಗೆ. ಉಜ್ಜಿಕೊಳ್ಳುತ್ತಲೇ ತಲೆ ಎತ್ತಿ ಗೋಡೆಯ ಥರ್ಮಾಮೀಟರ್ ನೋಡಿದೆ, ಪಾದರಸ ತಳ ಹಿಡಿದಿತ್ತು. ಹುಳು ಸಾಕುವವರು ದಿನವೂ ನೋಡುತ್ತಿದ್ದ ಆ ಥರ್ಮಾಮೀಟರನ್ನು ನಾನು ಬಂದಾಗಿನಿಂದ ಒಮ್ಮೆಯೂ ನೋಡಿರಲಿಲ್ಲ. ನಮ್ಮ ಬೆಟ್ಟದ ಮಾಗಿಯ ಬೆಳಗು ಹಾಗಿರುತ್ತದೆ, ಮಧ್ಯಾಹ್ನ ಅದೇ ಶೀಟಿನ ಕೆಳಗೆ ಬೆವರು ಇಳಿಯುತ್ತದೆ. ಚಳಿಯಲ್ಲಿ ಕೋಶ ನಿಧಾನ, ಬಿಸಿಯಲ್ಲಿ ಚುರುಕು. ಇದು ನನಗೆ ಗೊತ್ತಿಲ್ಲದ್ದಲ್ಲ, ಪಾಠ ಮಾಡಿದ್ದೇನೆ. ಆದರೆ ನಾನು ಕೆಲಸ ಕಲಿತ ಲ್ಯಾಬಿನಲ್ಲಿ ಚಳಿಗಾಲ ಎನ್ನುವುದೇ ಇರಲಿಲ್ಲ. ಹಗಲೂ ಇರುಳೂ ಏಸಿ. ಇಲ್ಲಿ ಹಾಲಿನ ಮಡಿ, ಐಸಿನ ಆಯುಸ್ಸು, ಸ್ನಾನದ ಹೊತ್ತು ಎಲ್ಲವೂ ಸೇರಿ ಪೆಪ್ಟೈಡಿಗೆ ಬೆಳಗನ್ನೂ ಹೋಲಿಕೆಗೆ ಮಧ್ಯಾಹ್ನವನ್ನೂ ಹಂಚಿಕೊಟ್ಟಿದ್ದವು. ನಾನು ಇಷ್ಟು ದಿನ ಅಳೆದದ್ದು ವಿನ್‌ಕ್ಯುಲಿನ್ನನ್ನಲ್ಲ, ತಾಳವಾಡಿಯ ಚಳಿಯನ್ನು.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಒಂದು ಮಾತು ಮುಚ್ಚಿಡದೆ ಹೇಳುತ್ತೇನೆ: ಸುಮ್ಮನಿದ್ದುಬಿಡೋಣ ಎನಿಸಿತು. ನಕ್ಷೆ ಆಗಲೇ ಗೈಡಿನ ಕೈಯಲ್ಲಿತ್ತು. ಅವರು ಕೇಳಿದ್ದೂ ಅದನ್ನೇ. ಈ ಬೆಟ್ಟದ ಮೇಲೆ ನನ್ನ ತಪ್ಪನ್ನು ಹಿಡಿಯಬಲ್ಲವರು ಯಾರೂ ಇರಲಿಲ್ಲ. ಬೈಯಲಾದರೂ ಒಬ್ಬರು ಬೇಡವೇ? ಲ್ಯಾಬಿನಲ್ಲಿದ್ದಿದ್ದರೆ ಯಾರಾದರೂ ಚಹಾ ಕುಡಿಯುತ್ತ “ಟೆಂಪರೇಚರ್ ನೋಡ್ದಾ?” ಎಂದು ಮೊದಲ ವಾರದಲ್ಲೇ ಕೇಳಿಬಿಡುತ್ತಿದ್ದರು.

ಅತ್ತೆ ತಿಂಡಿಗೆ ಕೂಗಿ ಕೂಗಿ, ಉತ್ತರ ಬಾರದೆ, ಹುಳದ ಮನೆಯ ಬಾಗಿಲಿಗೆ ಬಂದರು. ಹೊಸ್ತಿಲ ಆಚೆಗೇ ನಿಂತರು.

“ಯಾಕ್ ಕೂಸೆ ಅಳ್ತಿದ್ದೈ? ಮೀನ್ ಸತ್ತೋದ್ವಾ?”

“ಇಲ್ಲ ಅತ್ತೆ. ಎಲ್ಲಾ ಮೊದಲಿಂದ ಮಾಡ್ಬೇಕು. ಬೆಳಿಗ್ಗೆ ಚಳಿ, ಮಧ್ಯಾಹ್ನ ಬಿಸಿ. ಎರಡೂ ಒಂದೇ ಥರ ಇರ್ಬೇಕಿತ್ತು.”

ಮಾತು ಬಾಯಿಂದ ಹೊರಬಿದ್ದ ಮೇಲೆ ಗೊತ್ತಾಯಿತು, ತೀರ್ಮಾನ ಆಗಿಹೋಗಿದೆ ಎಂದು. ಅತ್ತೆ ಒಳಗೊಮ್ಮೆ ಇಣುಕಿ, “ಅಷ್ಟಕ್ ಅಳ್ತಾರಾ? ಅಗ್ಗಿಷ್ಟಿಕೆ ಅಟ್ಟದ್ ಮ್ಯಾಲ ಅದ. ಉಳ ಇದ್ದಾಗ ನಾನೇ ಕೆಂಡ ಆಕ್ಕೊಡ್ತಿರ್ನಿಲ್ವಾ? ಎದ್ದು ಮೊದ್ಲು ನೀರಾಕ್ಕೊ, ಇಡ್ಲಿ ಆರೋಯ್ತದ,” ಎಂದರು. ಫ್ರಿಜ್ಜಿನ ವಿಷಯ ಮಾತ್ರ ಎತ್ತಲಿಲ್ಲ.

ಅಂಗಡಿಯವರು ಸತ್ಯಮಂಗಲದಿಂದ ವಾಪಸಾದ ಮೇಲೆ ಮತ್ತೆ ಶುರುಮಾಡಿದೆ. ಈ ಸಲ ಬೇರೆ ಬೇರೆ ಹೊತ್ತು ಎನ್ನುವುದೇ ಇರದ ಹಾಗೆ. ಒಂದೇ ಮೀನಿನ ಎರಡು ಹುರುಪೆ, ಒಂದೇ ಗಾಜಿನ ಮೇಲೆ, ನಡುವೆ ವ್ಯಾಸಲಿನ್ನಿನ ಒಂದು ಸಣ್ಣ ಗೋಡೆ. ಒಂದು ಕಡೆ ಪೆಪ್ಟೈಡ್, ಇನ್ನೊಂದು ಕಡೆ ಬರೀ ದ್ರಾವಣ. ಬೆಳಿಗ್ಗೆ ಅತ್ತೆ ಒಲೆಯಿಂದ ಕೆಂಡ ತುಂಬಿದ ಅಗ್ಗಿಷ್ಟಿಕೆಯನ್ನು ಹೊಸ್ತಿಲ ತನಕ ತಂದಿಡುತ್ತಿದ್ದರು. ಒಳಗೆ ಎಳೆದುಕೊಳ್ಳುವುದು ನನ್ನ ಪಾಲು. ಥರ್ಮಾಮೀಟರನ್ನು ಗೋಡೆಯಿಂದ ಬಿಚ್ಚಿ ಮೈಕ್ರೋಸ್ಕೋಪಿನ ಪಕ್ಕಕ್ಕೇ ಕಟ್ಟಿದ್ದೆ. ಶೆಡ್ಡು ಬೆಚ್ಚಗಾದ ಮೇಲೆ ಕೆಂಡ ಹೊರಗಿಟ್ಟು, ವ್ಯಾಸಲಿನ್ ಗೋಡೆಯ ಈಚೆಗೊಮ್ಮೆ ಆಚೆಗೊಮ್ಮೆ ಗಾಜು ಸರಿಸಿ ಚಿತ್ರ ತೆಗೆಯುತ್ತಿದ್ದೆ.

ವೇಗದಲ್ಲಿ ವ್ಯತ್ಯಾಸವೇ ಇರಲಿಲ್ಲ. ಆಚೆಯವೂ ಈಚೆಯವೂ ಒಂದೇ ಬಿರುಸು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಮೀನು ಬದಲಿಸಿದರೂ ಹಾಗೇ. ನಮ್ಮ ಪೇಪರಿನ ವಾದ ನನ್ನ ಗಾಜಿನ ಮೇಲೆ ನಿಲ್ಲಲಿಲ್ಲ.

ಆದರೆ ಏನೂ ಆಗುತ್ತಿರಲಿಲ್ಲ ಎಂದಲ್ಲ. ಇನ್ನೇನು ಮಾಡಲು ತೋಚದೆ ಚಿತ್ರಗಳನ್ನು ಮೊದಲಿನಿಂದ ಓಡಿಸಿ ನೋಡುತ್ತಿದ್ದಾಗ ಕಣ್ಣಿಗೆ ಬಿತ್ತು. ಬರೀ ದ್ರಾವಣದ ಕಡೆ ಕೋಶಗಳು ಹುರುಪೆಯಂಚಿನಿಂದ ಅಗಲವಾದ ಹಾಳೆಯಾಗಿ ಹೊರಡುತ್ತಿದ್ದವು. ಮುಂದಿನ ಸಾಲು ಎಳೆದರೆ ಹಿಂದಿನ ಸಾಲು ಬರುತ್ತಿತ್ತು. ಪೆಪ್ಟೈಡಿನ ಕಡೆ ಮುಂದಿನ ಸಾಲು ಹೊರಟು, ಒಂದಿಷ್ಟು ದೂರಕ್ಕೆ ಹಾಳೆ ಹರಿದುಹೋಗುತ್ತಿತ್ತು. ಮುಂದಿನವು ಒಂದೊಂದಾಗಿ ಕಿತ್ತುಕೊಂಡು ತಮ್ಮಷ್ಟಕ್ಕೆ ಓಡುತ್ತಿದ್ದವು. ಹಿಂದಿನವು ಅಲ್ಲೇ ನಿಲ್ಲುತ್ತಿದ್ದವು. ವಿನ್‌ಕ್ಯುಲಿನ್ ಕೋಶವನ್ನು ನೆಲಕ್ಕೆ ಕಟ್ಟುವುದಷ್ಟೇ ಅಲ್ಲ, ಪಕ್ಕದ ಕೋಶ ಹಿಡಿಯುವ ಕಡೆಯೂ ಅದರ ಬಿಗಿತವಿದೆ. ಅದು ಸಡಿಲಾದರೆ ಈ ಕೋಶಗಳು ನಿಧಾನವಾಗುವುದಿಲ್ಲ, ಒಂಟಿಯಾಗುತ್ತವೆ. ವೇಗ ಅಳೆಯಲು ಬಿಡಿ ಕೋಶಗಳನ್ನೇ ಆರಿಸುತ್ತಿದ್ದ ನನಗೆ ಹಾಳೆಯ ಕಡೆ ನೋಡುವ ಪ್ರಮೇಯವೇ ಬಂದಿರಲಿಲ್ಲ.

ಎಲ್ಲವನ್ನೂ ಬರೆದೆ. ಮೊದಲು ಕಳಿಸಿದ ನಕ್ಷೆ ತಪ್ಪು, ಕಾರಣ ಇದು, ಈಗಿನ ಚಿತ್ರಗಳು ಇವು, ಪೇಪರಿನ ಮುಖ್ಯ ಮಾತು ಈ ಕೋಶಗಳಲ್ಲಿ ನಿಲ್ಲುವುದಿಲ್ಲ. ಕಳಿಸುವ ಗುಂಡಿ ಒತ್ತುವ ಮೊದಲು ಅರ್ಧ ಕಟ್ಟಿದ್ದ ಬಟ್ಟೆಗಳನ್ನು ಬಿಚ್ಚಿ ಮತ್ತೆ ಬೀರುವಿಗೆ ಜೋಡಿಸಿದೆ. ಆಮೇಲೆ ಒತ್ತಿದೆ.

ಗೈಡಿನಿಂದ ಉತ್ತರ ಬರಲಿಲ್ಲ. ಒಂದು ವಾರ ಕಳೆಯಿತು, ಇನ್ನೊಂದೂ ಕಳೆಯಿತು. ನಾನು ಪಾಠ ಮಾಡಿದೆ, ಮೀನಿನ ನೀರು ಬದಲಿಸಿದೆ, ಬಸ್ಸಿನಲ್ಲಿ ಕೂತು ಮೊಬೈಲನ್ನು ತೆಗೆದೆ, ಇಟ್ಟೆ. ಅವರು ಸಿಟ್ಟಾಗಿ ಒಂದು ಸಾಲು ಬರೆದಿದ್ದರೂ ನನಗೆ ಹಬ್ಬವಾಗುತ್ತಿತ್ತು.

ಕೊನೆಗೆ ಒಂದು ಸಂಜೆ ಫೋನು ಬಂತು. ಧ್ವನಿ ಎಂದಿನಂತೆಯೇ ಇತ್ತು.

“ನೋಡಿದೆ. ಎಲ್ಲಾ ವಿಡಿಯೋನೂ ನೋಡಿದೆ. ಹಾಳೆ ಹರಿಯೋದು ಪ್ರತಿ ಸಲವೂ ಆಗುತ್ತಾ?”

“ಪ್ರತಿ ಸಲವೂ ಸರ್.”

“ಯಾವ ಕಡೆಯಿಂದ ಶುರುವಾಗುತ್ತೆ?”

ಹೇಳಿದೆ. ಮುಂದಿನ ಸಾಲಿನ ಕೋಶ ಮೊದಲು ಹಿಂದಿನದರ ಹಿಡಿತವನ್ನು ಹೇಗೆ ಕಳಚಿಕೊಳ್ಳುತ್ತದೆ, ಕಳಚುವ ಮುಂಚೆ ಬಾಲ ಹೇಗೆ ನೂಲಿನಂತೆ ಎಳೆದುಕೊಳ್ಳುತ್ತದೆ, ಎಲ್ಲ ಹೇಳಿದೆ. ಅವರು ನಡುವೆ ತಡೆದು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಅಷ್ಟು ತಿಂಗಳುಗಳಲ್ಲಿ ಅಷ್ಟು ಹೊತ್ತು ನಾನು ಯಾರೊಂದಿಗೂ ಮಾತಾಡಿರಲಿಲ್ಲ.

ಆಮೇಲೆ ಅವರು ಹೇಳಿದರು. “ಪೇಪರ್ ವಾಪಸ್ ತಗೊಂಡೆ. ಪೋಸ್ಟು ಬೇರೆಯವರಿಗೆ ಹೋಯ್ತಮ್ಮ, ಕಾಯೋಕಾಗಲಿಲ್ಲ. ಈ ಹೊಸದನ್ನ ನೀನು ಬರಿ. ನನ್ನ ಹೆಸರು ಬೇಡ. ಸಿಟ್ಟಿಗೆ ಹೇಳ್ತಿಲ್ಲ. ಇದ್ರಲ್ಲಿ ನಾನು ಮಾಡಿದ್ದೇನೂ ಇಲ್ಲ, ತಪ್ಪಾಗಿದ್ದಕ್ಕೆ ಬ್ಯೂಟಿಫುಲ್ ಅಂದಿದ್ದು ಬಿಟ್ರೆ.”

“ಪೆಪ್ಟೈಡ್ ನಿಮ್ಮದು ಸರ್.”

“ಕೊನೇಲಿ ಥ್ಯಾಂಕ್ಸ್ ಹೇಳು. ಸಾಕು.”

ಬರೆಯಲು ಯುಗಾದಿ ಕಳೆಯುವ ತನಕ ಹಿಡಿಯಿತು. ಒಂದು ಭಾನುವಾರ ಮಧ್ಯಾಹ್ನ ಹುಳದ ಮನೆಯ ಮೇಜಿನ ಮೇಲೆ ಕೊನೆಯ ಸಾಲು ಮುಗಿಸಿ ಮೇಲಿನ ಪುಟಕ್ಕೆ ಬಂದೆ. ಅಲ್ಲಿ ಹೆಸರು ಬರೆಯುವ ಜಾಗ ಖಾಲಿಯಿತ್ತು. ನನ್ನ ಹೆಸರು ಹಾಕಿ, ಬೆರಳಿನ ಅಭ್ಯಾಸಕ್ಕೆ ಪಕ್ಕದಲ್ಲೊಂದು ಅಲ್ಪವಿರಾಮ ಒತ್ತಿದೆ. ಇಷ್ಟು ವರ್ಷ ನನ್ನ ಹೆಸರಿನಾಚೆ ಯಾವಾಗಲೂ ಇನ್ನೊಬ್ಬರ ಹೆಸರು ಇರುತ್ತಿತ್ತು.

ಅತ್ತೆ ಹೊಸ್ತಿಲಾಚೆ ಕೂತು ಜೋಳದ ತೆನೆ ಬಿಡಿಸುತ್ತಿದ್ದರು.

“ಮುಗೀತಾ ಬರ್ಯದು?”

“ಮುಗೀತು ಅತ್ತೆ. ಎಸ್ರಾಕ್ಬೇಕು ಅಷ್ಟೆ.”

“ಯಾರ್ಯಾರ್ದು?”

“ನಂದೊಂದೆ.” ಪರದೆಯಿಂದ ತಲೆ ಎತ್ತಿ ಕೇಳಿದೆ, “ನಿಮ್ದೂ ಆಕ್ಲಾ ಅತ್ತೆ? ಕೆಂಡ ಆಕ್ಕೊಟ್ಟೋರು ನೀವು.” ತಮಾಷೆಗೆ ಕೇಳಿದಂತೆ ಕೇಳಿದೆ. ಪೂರ್ತಿ ತಮಾಷೆಯಲ್ಲ.

“ಥೂ ನಿನ್ನ! ಮೀನ್ ಪಕ್ಕದಾಗ ನನ್ನೆಸ್ರಾ?” ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. “ಒಬ್ಳೇ ಮಾಡ್ದೋಳು ಒಬ್ಳೆಸ್ರೇ ಆಕ್ಕೊಬೇಕು ಕಣ್ಕೂಸೆ. ಅದ್ರಾಗೇನು?” ಎಂದು ಕಾಳಿನ ಮೊರ ಎತ್ತಿಕೊಂಡು ಒಳಗೆ ಹೋದರು.

ನಾನೂ ನಕ್ಕೆ. ನಗು ನಿಂತ ಮೇಲೆ ನನ್ನ ಹೆಸರಿನ ಪಕ್ಕದ ಆ ಅಲ್ಪವಿರಾಮವನ್ನು ಅಳಿಸಿದೆ.